ಕುಂಡದ ಆಲಕ್ಕೆ ಕೌದಿ ದಾರ

ಬೀದರ
೨೮-೮-೨೦೨೫, ಗುರುವಾರ

ಚಿ. ಸೌ. ರಾಧಿಕಾಳಿಗೆ,

ಚಿರಂಜೀವಿ ಸೌಭಾಗ್ಯವತಿ ಎಂದು ಬರೆದಿದ್ದನ್ನು ನೋಡಿ ಅತ್ತೆಯ ಸಿಟ್ಟು ಇಳಿಯಿತು ಎಂದುಕೊಳ್ಳಬೇಡ. ಸೊಸೆಯನ್ನು ಸೌಭಾಗ್ಯವತಿ ಎಂದರೆ ಅದರಲ್ಲಿ ನನ್ನ ಮಗ ಶಿವಕಾಂತನ ಆಯುಷ್ಯವೂ ಸೇರಿದೆ, ಆದ್ದರಿಂದ ಬಿಡಲಾಗಲಿಲ್ಲ. ‘ಪ್ರೀತಿಯ’ ಎಂಬುದನ್ನು ಬಿಟ್ಟಿದ್ದೇನೆ. ಹೇಗಿದ್ದೀ? ಭಾಲ್ಕಿಯಲ್ಲಿ ನಿನ್ನ ತಾಯಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಒದ್ದೆ ಕೂದಲಲ್ಲೇ ಮಾಳಿಗೆ ಹತ್ತಿ ಆಮೇಲೆ ವಾರಗಟ್ಟಲೆ ಸೀನುವ ಚಟವನ್ನು ಅಲ್ಲಿಯೂ ನಡೆಸಿದ್ದೀಯೋ ಏನೋ. ಕೇಳುವುದು ಹಿರಿಯರ ಧರ್ಮ, ಕೇಳಿದ್ದೇನೆ. ಇಲ್ಲಿ ನಿನ್ನ ಮಾವನವರು ಎದ್ದು ಓಡಾಡುತ್ತಿದ್ದಾರೆ, ಉಪ್ಪಿಲ್ಲದ ಸಾರಿಗೆ ಮೂಗು ಮುರಿಯುತ್ತಾರೆ, ಮಾತ್ರೆಗಳನ್ನು ಮಾತ್ರ ತಪ್ಪದೆ ನುಂಗುತ್ತಾರೆ. ಶಿವಕಾಂತ ಎರಡು ಹೊತ್ತು ಊಟ ಮಾಡುತ್ತಾನೆ, ಯಾರೊಂದಿಗೂ ಮಾತಾಡುವುದಿಲ್ಲ. ಮೊದಲೂ ಆಡುತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಹೆಚ್ಚು ಫರಕು ಕಾಣುವುದಿಲ್ಲ. ನಿನ್ನೆ ಗಣಪತಿ ಕೂತ. ಕಡುಬು ನಾನೊಬ್ಬಳೇ ಮಾಡಿದೆ, ಅರ್ಧ ಒಡೆದವು. ನೀನು ಬರಬಹುದು ಎಂದು ಯಾರೂ ಬಾಗಿಲು ಕಾಯಲಿಲ್ಲ.

ಫೋನಿನ ಕಾಲದಲ್ಲಿ ಈ ಮುದುಕಿ ಕಾಗದ ಬರೆಯುತ್ತಾಳಲ್ಲ ಎಂದು ನಗುತ್ತಿರಬಹುದು. ನಗು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದು ನನಗೆ ಗೊತ್ತಾಗಿದೆ. ಶಿವಕಾಂತನ ಕೈಯಲ್ಲಿ ಹೇಳಿ ಕಳಿಸಿದರೆ ನಾನು ಮಣ ಹೇಳಿದ್ದನ್ನು ಅವನು ಚಟಾಕು ಮಾಡಿ ಮುಟ್ಟಿಸುತ್ತಾನೆ, ಅದಕ್ಕೂ ಸಕ್ಕರೆ ಸವರಿ. ಔರಾದದ ಸಾಲೆಯಲ್ಲಿ ಇಡೀ ನೌಕರಿ ಕಳೆದವಳು ನಾನು, ನನ್ನ ಮಾತನ್ನು ನಾನೇ ಬರೆಯಬಲ್ಲೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಓದುತ್ತೀ ಎಂಬುದು ನನಗೆ ಗೊತ್ತು. ಈಗ ವಿಷಯ. ಭಾನುವಾರ ನಿನ್ನ ಅಣ್ಣ ಸುಶೀಲಕುಮಾರ ಟೆಂಪೊ ತರುತ್ತಾನಂತೆ. ಬಟ್ಟೆ, ಕಪಾಟು ಆಮೇಲೆ ನೋಡೋಣ, ಮೊದಲು ನನ್ನ ಗಿಡಗಳನ್ನು ಕಳಿಸಿ, ಅವು ಬಂದ ಮೇಲೆ ಆ ಮನೆಯಲ್ಲಿ ನನ್ನದೇನೂ ಉಳಿಯುವುದಿಲ್ಲ ಎಂದು ಶಿವಕಾಂತನಿಗೆ ಬರೆದಿದ್ದೀ. ಅವನು ಆ ಮೆಸೇಜನ್ನು ನನಗೆ ತೋರಿಸಲಿಲ್ಲ, ಫೋನನ್ನು ಊಟದ ತಾಟಿನ ಪಕ್ಕ ಬಿಟ್ಟು ಕೈ ತೊಳೆಯಲು ಹೋದ. ನನ್ನ ಉತ್ತರ ಇಷ್ಟೇ: ಎಲ್ಲ ಕುಂಡಗಳನ್ನು ಕೊಂಡೊಯ್ಯಿ, ಆಲವನ್ನು ಕೊಡುವುದಿಲ್ಲ. ಅದಕ್ಕೆ ನನ್ನ ದಾರ ಸುತ್ತಿದೆ.

ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ಭಾಲ್ಕಿಯಲ್ಲಿ ನೀನು ನಡುವಿನಿಂದ ಹೇಳಿರುತ್ತೀ. ನಿನ್ನ ಈ ಬೋನ್ಸಾಯ್ ಹುಚ್ಚು ಹತ್ತಿದ್ದು ಫೋನಿನಿಂದ. ಲ್ಯಾಬಿನಲ್ಲಿ ಬೆಳಗಿನಿಂದ ಜನರ ರಕ್ತ ತೆಗೆದು ಮಧ್ಯಾಹ್ನ ಮನೆಗೆ ಬಂದವಳು ತಾಟಿನ ಮುಂದೆ ಫೋನು ಆನಿಸಿಕೊಂಡು ಕೂರುತ್ತಿದ್ದೆ. ಮಾತಿಗೊಮ್ಮೆ ‘ದೋಸ್ತೋ’ ಎನ್ನುವ ಒಬ್ಬ ಹಿಂದಿಯವ, ಮರಾಠಿಯಲ್ಲಿ ಹೇಳುವ ಪುಣೆಯ ಹೆಂಗಸು, ಮಾತೇ ಆಡದ ಒಬ್ಬ ಜಪಾನಿ ಮುದುಕ. ಆ ಮುದುಕ ಗಿಡವನ್ನು ಅಷ್ಟು ಹೊತ್ತು ನೋಡಿ ಕಡೆಗೆ ಒಂದು ಎಲೆ ಕತ್ತರಿಸುತ್ತಿದ್ದ, ನೀನು ಊಟ ಮರೆತು ‘ನೋಡ್ರಿ ಅತ್ತಿ, ನೋಡ್ರಿ’ ಎನ್ನುತ್ತಿದ್ದೆ. ಏನು ನೋಡಬೇಕಿತ್ತು? ನನ್ನ ತವರು ಡಾಬಕಾದ ಹೊಲದಲ್ಲಿ ನಮ್ಮಪ್ಪ ಒಂದು ದಿನಕ್ಕೆ ಒಂದು ಎಲೆ ಕಿತ್ತಿದ್ದರೆ ನಾವು ಉಪವಾಸ ಬೀಳುತ್ತಿದ್ದೆವು. ನಿನ್ನ ಮೊದಲ ಗಿಡ ದಾಳಿಂಬೆ, ನೆನಪಿದೆಯೇ? ಕೇರಳದ ಯಾರೋ ಮಳೆಯಲ್ಲಿ ನಿಂತು ‘ಎಲೆಗಳನ್ನೆಲ್ಲ ತೆಗೆಯಿರಿ, ಹೊಸದು ಸಣ್ಣದಾಗಿ ಬರುತ್ತದೆ’ ಎಂದಿದ್ದನ್ನು ಕೇಳಿ, ಬೀದರಿನ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಬೋಳು ಮಾಡಿದೆ. ಹೊಸದೂ ಬರಲಿಲ್ಲ, ಹಳೆಯದೂ ಉಳಿಯಲಿಲ್ಲ. ಜಪಾನಿನ ಮಣ್ಣು ಇಲ್ಲಿ ಸಿಗುವುದಿಲ್ಲವೆಂದು ನಮ್ಮ ಕೆಂಪು ಕಲ್ಲನ್ನು ಕುಟ್ಟಿ ಇಟ್ಟಿಗೆ ಚೂರಿನೊಂದಿಗೆ ಜರಡಿ ಹಿಡಿದೆ. ನನ್ನ ಹಿಟ್ಟಿನ ಜರಡಿಯಲ್ಲಿ! ಅದಾದ ಮೇಲೆ ಎಷ್ಟೋ ದಿನ ರೊಟ್ಟಿ ಕಟಕಟ ಅಂದವು, ನಿನ್ನ ಮಾವನವರು ಹಲ್ಲು ಹಿಡಿದುಕೊಂಡು ಸುಮ್ಮನೆ ತಿಂದರು. ನಾನೂ ಆಗ ಸುಮ್ಮನಿದ್ದೆ. ಇದನ್ನು ನೀನು ನಿನ್ನ ತಾಯಿಗೆ ಹೇಳಿರುವುದಿಲ್ಲ.

ಆಲವನ್ನು ತಂದ ದಿನ ನಾನೂ ಜೊತೆಗಿದ್ದೆ. ಔರಾದ ರಸ್ತೆಯ ನಿಜಾಮೋದ್ದೀನ್ ಸಾಹೇಬರ ನರ್ಸರಿಯಲ್ಲಿ ಮುಂದಿನ ಸಾಲಿನಲ್ಲಿ ನಿಂತಿದ್ದ ಹಸಿರು ಹಸಿರಾದ, ನೆಟ್ಟಗಿನ ಗಿಡಗಳನ್ನೆಲ್ಲ ಬಿಟ್ಟು ನೀನು ಹಿಂದೆ ಹೋಗಿ ಒಡಕು ಕುಂಡಗಳ ರಾಶಿಯಲ್ಲಿ ಕೂತೆ. ಒಂದೊಂದರ ಬುಡದ ಮಣ್ಣನ್ನು ಬೆರಳಿನಿಂದ ಕೆದರಿ ಬೇರು ನೋಡಿದೆ. ಗಿಡಗಳನ್ನು ತಿರುಗಿಸಿ ಬಗ್ಗಿಸಿ, ಹಿಂದಿನಿಂದ ನೋಡಿ, ಮತ್ತೆ ಮುಂದಿನಿಂದ ನೋಡಿದೆ. ನಿನ್ನನ್ನು ನೋಡಲು ಭಾಲ್ಕಿಗೆ ಬಂದಾಗ ನಾವು ಚಹಾ ಕುಡಿದು ಎರಡು ಮಾತು ಕೇಳಿ ಎದ್ದಿದ್ದೆವು. ನಾನೂ ಆವತ್ತು ಬುಡ ಕೆದರಿ ನೋಡಬೇಕಿತ್ತು ಎಂದು ಈಗ ಅನಿಸುತ್ತದೆ. ಕಡೆಗೆ ನೀನು ಎತ್ತಿ ತಂದದ್ದು ಸೊಂಟ ತಿರುಚಿಕೊಂಡ, ತಲೆ ಮುರಿದ, ಪ್ಲಾಸ್ಟಿಕ್ ಕುಂಡವನ್ನು ಬೇರಿನಿಂದ ಸೀಳಿಕೊಂಡು ನಿಂತ ಒಂದು ಆಲದ ಗಿಡ. ನಿಜಾಮೋದ್ದೀನ್ ಸಾಹೇಬರಿಗೇ ನಾಚಿಕೆಯಾಯಿತು. ‘ಬೇಟಿ, ಅದು ನಕ್ಕೊ. ಅದು ಒಗೀಲಾಕ ಇಟ್ಟಿದ್ದು ಅದ’ ಎಂದರು. ನೀನು ನನ್ನ ಕಡೆ ತಿರುಗಿ, ‘ಅತ್ತಿ, ಗಿಡದ ಮಾರಿ ನೋಡಬ್ಯಾಡ್ರಿ, ಬುಡ ನೋಡ್ರಿ. ಸುತ್ತಾ ಬೇರು ಹ್ಯಾಂಗ ಹಿಡದಾವ ನೋಡ್ರಿ’ ಎಂದೆ. ನಾನು ಹಟಕ್ಕೆ ಬಿದ್ದು ಮುಂದಿನ ಸಾಲಿನಿಂದ ಒಂದು ಚೆಂದದ ಗಿಡ ಆರಿಸಿದೆ. ದಪ್ಪ ಗಡ್ಡೆಯ ಮೇಲೆ ಬೇರೆ ಜಾತಿಯ ಟೊಂಗೆ ಕಸಿ ಮಾಡಿದ್ದು ಅದು, ಮುಂದೆ ಮೈಮೇಲೆ ಗಂಟು ಎದ್ದು ಕಾಣುತ್ತದೆ ಎಂದೆ ನೀನು. ಕೇಳಲಿಲ್ಲ ನಾನು. ಈಗ ಗಂಟು ಕಾಣುತ್ತಿದೆ. ನಿನಗೆ ಸಂತೋಷವಾಗಲಿ ಎಂದು ಇದನ್ನು ಬರೆದಿಲ್ಲ, ಸುಳ್ಳು ಬರೆಯುವುದು ನನ್ನ ಕೈಗೆ ರೂಢಿಯಿಲ್ಲ ಅಷ್ಟೇ.

ಇನ್ನು ದಾರದ ವಿಷಯ. ಮದುವೆಯಾದಂದಿನಿಂದ ಒಂದು ವರ್ಷವೂ ನಾನು ವಟಪೌರ್ಣಿಮೆ ತಪ್ಪಿಸಿದವಳಲ್ಲ. ಮೊದಲ ವರ್ಷ ಡಾಬಕಾದ ಹೊಲದ ಬದುವಿನ ಆಲಕ್ಕೆ ದಾರ ಸುತ್ತಿದೆ, ಆಮೇಲೆಲ್ಲ ನಮ್ಮ ಓಣಿಯ ತುದಿಯ ಆಲಕ್ಕೆ. ಏಳು ಜನ್ಮಕ್ಕೂ ಇವರೇ ಗಂಡನಾಗಲಿ ಎಂದು ಕೇಳುವ ಪೂಜೆ. ಈ ಒಂದು ಜನ್ಮದಲ್ಲಿ ತಂಬಾಕು ಬಿಡಿಸಲಾಗಲಿಲ್ಲ, ಆದರೂ ಕೇಳುತ್ತ ಬಂದಿದ್ದೇನೆ. ಈ ವರ್ಷ ಹುಣ್ಣಿಮೆಯ ಹೊತ್ತಿಗೆ ನನ್ನ ಮೊಣಕಾಲಿಗೆ ಪ್ಲಾಸ್ಟರ್. ಓಣಿಯ ತುದಿಗೆ ಹೋಗುವುದಿರಲಿ, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಿತ್ತು. ನೀನು ಲ್ಯಾಬಿನಲ್ಲಿದ್ದೆ. ಶಿವಕಾಂತನಿಗೆ ಹೇಳಿ ನಿನ್ನ ಆಲವನ್ನು ಅಂಗಳಕ್ಕೆ ಇಳಿಸಿಕೊಂಡೆ. ಆಲ ಆಲವೇ ಅಲ್ಲವೇ? ನಾನು ಮರದ ಸುತ್ತ ನಡೆಯಲಾರೆ, ಆದ್ದರಿಂದ ಕೇಕಿಗೆ ಕ್ರೀಮ್ ಹಚ್ಚುವ ಆ ನಿನ್ನ ತಿರುಗುವ ತಟ್ಟೆಯ ಮೇಲೆ ಕುಂಡವಿಟ್ಟು, ನಾನು ಕುರ್ಚಿಯಲ್ಲಿ ಕೂತು ಅದನ್ನೇ ತಿರುಗಿಸಿದೆ. ನಾನು ದಾರ ಹಿಡಿದೆ, ಮರ ಸುತ್ತಿತು. ಪಕ್ಕದ ಮನೆಯ ಗಂಗುಬಾಯಿ ನೋಡಿ, ‘ಅಯ್ಯ, ಇದು ಛಲೋ ಅದ ಬಿಡ್ರಿ’ ಎಂದು ತಾನೂ ಸುತ್ತಿ ಹೋದಳು. ಪ್ಯಾಟಿಯ ಹತ್ತಿ ನೂಲು ತರುವವರು ಯಾರೂ ಇರಲಿಲ್ಲ, ಮನೆಯಲ್ಲಿದ್ದ ಕೌದಿ ಹೊಲಿಯುವ ದಾರವನ್ನು ಮೂರೆಳೆ ಮಾಡಿಕೊಂಡಿದ್ದೆ. ಸಡಿಲಾದರೆ ಜಾರುತ್ತದೆಂದು ಬಿಗಿದು ಸುತ್ತಿದೆ. ಸಂಜೆ ನೀನು ಬಂದು ಅರಿಸಿನ, ಕುಂಕುಮ, ಹಾಲು ಸುರಿದ ಆ ಕುಂಡವನ್ನು ನೋಡಿದೆ. ‘ಅತ್ತಿ, ದಾರ ಬಿಚ್ಚಲೇನ್ರಿ?’ ಎಂದು ಒಂದೇ ಮಾತು ಕೇಳಿದೆ. ಸುತ್ತಿದ ದಾರ ತಾನಾಗಿ ಹರಿದು ಬೀಳಬೇಕು, ಕೈ ಹಚ್ಚಬಾರದು ಎಂದೆ ನಾನು. ನೀನು ಹೂಂ ಎಂದೆ. ಹೂಂ ಎಂದಿದ್ದೆ, ರಾಧಿಕಾ, ಅದನ್ನು ಮರೆಯಬೇಡ.

ಆಮೇಲೆ ಮಳೆ ಹಿಡಿಯಿತು. ಕೌದಿ ದಾರ ಹರಿಯುವಂಥದ್ದಲ್ಲ, ನೆನೆದು ನೆನೆದು ಇನ್ನೂ ಬಿಗಿಯಾಯಿತು. ಮಳೆಗೆ ಗಿಡವೂ ದಪ್ಪಗಾಯಿತು. ದಾರ ತೊಗಟೆಯೊಳಗೆ ಕಚ್ಚಿಕೊಂಡಿತು ಎಂದು ನೀನು ಗೊಣಗುತ್ತಿದ್ದೆ. ನಿನ್ನ ತಾಮ್ರದ ತಂತಿ ಟೊಂಗೆಗಳಿಗೆ ಕಚ್ಚುವುದಿಲ್ಲವೇ? ನೀನು ತಂತಿ ಸುತ್ತಿದರೆ ಕಲೆ, ನಾನು ದಾರ ಸುತ್ತಿದರೆ ಕೊಲೆ! ಶ್ರಾವಣದ ಆ ಮಧ್ಯಾಹ್ನ ಬಿಸಿಲು ಬಿದ್ದಿತ್ತು, ಒಣಗಲು ಹಾಕಿದ ಸಂಡಿಗೆ ನೋಡೋಣವೆಂದು ಕುಂಟುತ್ತ ಮಾಳಿಗೆ ಹತ್ತಿ ಬಂದೆ. ನೀನು ಕುಂಡದ ಮುಂದೆ ಕೂತಿದ್ದೆ, ಕೈಯಲ್ಲಿ ಕತ್ತರಿ ಇತ್ತು, ಮೇಲಿನ ಸುತ್ತುಗಳು ಆಗಲೇ ತುಂಡಾಗಿ ಬಿದ್ದಿದ್ದವು. ನಾನು ಏನು ಕೂಗಿದೆನೋ ನೆನಪಿಲ್ಲ. ಆ ಕೂಗು ಮುಗಿಯುವುದರೊಳಗೆ ಕೆಳಗೆ ಚೊಂಬು ಬಿದ್ದ ಸದ್ದಾಯಿತು. ನಿನ್ನ ಮಾವನವರು ಎದೆ ಹಿಡಿದುಕೊಂಡು ಪಡಸಾಲೆಯಲ್ಲಿ ಕುಸಿದಿದ್ದರು.

ಆಟೋ ತರಿಸಿದ್ದು ನೀನು, ಮಾತ್ರೆ ಅಗಿಸಿದ್ದು ನೀನು, ದವಾಖಾನೆಯಲ್ಲಿ ಯಾವ ಬಾಗಿಲಿಗೆ ಓಡಬೇಕೆಂದು ಗೊತ್ತಿದ್ದುದೂ ನಿನಗೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಕಣ್ಣ ಮುಂದೆ ಇದ್ದದ್ದು ಆ ಕತ್ತರಿ. ಅದಕ್ಕೇ ಅಷ್ಟು ಜನರ ಎದುರು, ನಿನ್ನ ಅಣ್ಣ ಬಂದು ನಿಂತಿದ್ದಾಗಲೇ, ‘ನನ್ನ ಕುಂಕುಮಕ್ಕ ಕತ್ತರಿ ಹಾಕಿದಾಕಿ ಇಕಿನೇ’ ಎಂದೆ. ನೀನು ಬಿಲ್ಲು, ರಿಪೋರ್ಟುಗಳನ್ನು ಶಿವಕಾಂತನ ಕೈಗಿಟ್ಟು ಅಣ್ಣನ ಗಾಡಿ ಹತ್ತಿದೆ. ಅವತ್ತು ಹೋದವಳು ಇವತ್ತಿನ ತನಕ ಬಂದಿಲ್ಲ. ಮಾವನಿಗೆ ಸ್ಟೆಂಟ್ ಹಾಕಿ ಮನೆಗೆ ತಂದಾಗಲೂ ಬರಲಿಲ್ಲ, ಫೋನು ಮಾಡಿ ಅವರೊಂದಿಗೆ ಮಾತ್ರ ಮಾತಾಡಿದೆ. ಅವರು ನಗುತ್ತ ಮಾತಾಡುತ್ತಿದ್ದರು, ನಾನು ಅಡುಗೆ ಮನೆಯಲ್ಲಿ ನಿಂತು ಕೇಳಿಸಿಕೊಂಡೆ. ‘ನನ್ನ ನಾಳ ಕಟ್ಟಿದ್ದು ತಂಬಾಕಿಗವ್ವಾ, ವರ್ಷಗಟ್ಟಲೆದ್ದು ಅಂತ ಡಾಕ್ಟರ್ ಹೇಳ್ಯಾರ. ಆಕಿ ಮಾತು ಮನಸಿಗಿ ಹಚ್ಕೋಬ್ಯಾಡ’ ಎಂದು ನಿನಗೆ ಹೇಳಿದರು. ಡಾಕ್ಟರು ಹೇಳುವುದು ಡಾಕ್ಟರ ಮಾತು. ನಾನು ನೋಡಿದ್ದು ನಾನು ನೋಡಿದ್ದು. ಆಡಿದ್ದನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ.

ನೀನು ಹೋದ ಮೇಲೆ ಗಿಡಗಳು ಒಣಗಲಿ ಎಂದೇ ಬಿಟ್ಟಿದ್ದೆ. ಮಳೆ ನಿಂತ ವಾರ ನಿನ್ನ ನೇರಳೆ ಬಾಡಿತು, ನೋಡಲಾಗದೆ ಒಂದು ತಂಬಿಗೆ ಹಾಕಿದೆ. ಅದೇ ತಪ್ಪಾಯಿತು. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಹಾಕದಿರಲು ನಾನೇನು ಕಟುಕಳೇ? ಆಮೇಲೆ ಎಷ್ಟು ಹಾಕಬೇಕೆಂದು ತಿಳಿಯಲು ಶಿವಕಾಂತನ ಹಳೆಯ ಫೋನಿನಲ್ಲಿ ನಿನ್ನ ವಿಡಿಯೋಗಳನ್ನೇ ಹಚ್ಚಿಕೊಂಡೆ. ದೋಸ್ತೋ ದಿನಾ ನೀರು ಹಾಕು ಎನ್ನುತ್ತಾನೆ, ಪುಣೆಯವಳು ಮಣ್ಣಿಗೆ ಬೆರಳು ಹಾಕಿ ನೋಡು ಎನ್ನುತ್ತಾಳೆ, ಜಪಾನಿ ಮುದುಕ ಯಾವತ್ತಿನಂತೆ ಸುಮ್ಮನೆ ನೋಡುತ್ತಾನೆ. ನಾನೂ ಬೆರಳು ಹಾಕಿ ನೋಡುತ್ತೇನೆ. ನಿನ್ನ ಹುಣಸೆ ಗಿಡದ ಟೊಂಗೆಗೆ ತಂತಿ ಕಚ್ಚಿತ್ತು, ಬಿಚ್ಚಿ ಹಾಕಿದ್ದೇನೆ. ಅದನ್ನು ಎಳೆದು ಬಿಚ್ಚಬಾರದು, ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕಂತೆ, ನೀನು ಯಾವಾಗಲೂ ಎಳೆಯುತ್ತಿದ್ದೆ. ಕಲಿತವರಂತೆ ನಡೆಯುತ್ತಿದ್ದವಳಿಗೆ ಇಷ್ಟೂ ಗೊತ್ತಿರಲಿಲ್ಲ.

ಈಗ ಆಲದ ಮಾತು ಕೇಳು, ಕೇಳಿ ಹೊಟ್ಟೆ ಉರಿಸಿಕೊ. ದಾರ ಸುತ್ತಿದ ಜಾಗದ ಸ್ವಲ್ಪ ಮೇಲೆ ಮೊನ್ನೆ ಬಿಳಿ ಬಿಳಿ ಮೊನೆಗಳು ಕಂಡವು, ಜೋಳದ ಮೊಳಕೆಯ ಹಾಗೆ. ರೋಗ ಬಿತ್ತು ಎಂದುಕೊಂಡೆ. ರೋಗವಲ್ಲ, ಬಿಳಲು! ಬಿಳಲು ಬರಲಿ ಎಂದು ನೀನು ಎರಡು ಮಳೆಗಾಲ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಪಿಚಕಾರಿಯಿಂದ ನೀರು ಹೊಡೆದು, ಹಬೆ ಹಿಡಿಸಿ ಕೂತಿದ್ದೆ. ಒಂದು ಎಳೆಯೂ ಬರಲಿಲ್ಲ. ನನ್ನ ಕೌದಿ ದಾರಕ್ಕೆ ಬಂದಿವೆ. ಹೀಗೆ ಬಿಗಿದು ಕಟ್ಟಿದರೆ ಅದರ ಮೇಲೆ ಬೇರೊಡೆಯುತ್ತದೆ ಎಂದು ಪುಣೆಯವಳೇ ಹೇಳಿದ್ದಾಳೆ, ಬೇಕಾದರೆ ನೋಡಿಕೊ. ಆದ್ದರಿಂದ ಆ ಮರದ ಮೇಲೆ ನಿನಗೆಷ್ಟು ಹಕ್ಕಿದೆಯೋ ನನಗೂ ಅಷ್ಟೇ ಇದೆ. ನೀನು ಕತ್ತರಿಸಿದ್ದು ಮೇಲಿನ ಸುತ್ತುಗಳನ್ನು, ಒಳಗೆ ಕಚ್ಚಿದ ಸುತ್ತುಗಳು ಹಾಗೇ ಇವೆ. ಅವನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ, ಬೇರೆಯವರನ್ನು ಮುಟ್ಟಗೊಡುವುದಿಲ್ಲ. ಆ ಮರ ಭಾಲ್ಕಿಗೆ ಹೋದರೆ ಮೊದಲು ಬೀಳುವುದು ನಿನ್ನ ಕತ್ತರಿ ಎಂದು ನನಗೆ ಗೊತ್ತು. ಮನೆಯಲ್ಲಿ ಒಬ್ಬರು ಸಾವಿನ ಬಾಗಿಲು ತಟ್ಟಿ ಬಂದಿದ್ದಾರೆ. ನನಗೆ ಹೆದರಿಕೆ ಇದೆ, ಅದನ್ನು ನೀನು ಮೌಢ್ಯ ಎನ್ನು, ಏನಾದರೂ ಎನ್ನು.

ಸುಶೀಲಕುಮಾರ ಭಾನುವಾರ ಬಂದರೆ ಚಹಾ ಕೊಡುತ್ತೇನೆ, ಉಳಿದ ಕುಂಡಗಳನ್ನು ಹುಲ್ಲು ಸುತ್ತಿ ಕಟ್ಟಿಸಿ ಇಡುತ್ತೇನೆ, ಒಂದು ಎಲೆಯೂ ಉದುರುವುದಿಲ್ಲ. ಅವು ಹೋದ ಮೇಲೆ ಈ ಮನೆಯಲ್ಲಿ ನಿನ್ನದೇನೂ ಇಲ್ಲ ಎಂದು ನೀನೇ ಬರೆದ ಮೇಲೆ ನಾನು ಕಾಲು ಹಿಡಿಯುವವಳಲ್ಲ. ಶಿವಕಾಂತನನ್ನು ಏನು ಮಾಡುತ್ತೀ ಎಂಬುದನ್ನು ಮಾತ್ರ ಟೆಂಪೊ ಹೊರಡುವ ಮುಂಚೆ ಅವನಿಗೆ ಹೇಳು, ಅವನು ತಾನಾಗಿ ಕೇಳುವುದಿಲ್ಲ.

ನಿನ್ನ ತಾಯಿಗೆ ನನ್ನ ಶರಣು ತಿಳಿಸು. ದೇವರು ನಿನ್ನ ಬಳೆ, ಕುಂಕುಮ ಕಾಯಲಿ, ತಲೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ಇಂತಿ,
ನೀನು ಇಲ್ಲದಿದ್ದರೂ ನಡೆಯುತ್ತಿರುವ ಮನೆಯ ಹಿರಿಯಳು,
ಸುಭದ್ರಾಬಾಯಿ

ತಾ. ಕ.: ಲಕೋಟೆ ಅಂಟಿಸಿರಲಿಲ್ಲ. ಟಪಾಲು ಡಬ್ಬಿ ತೆಗೆಯುವ ಹೊತ್ತಾಗಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಮೇಲಿನದನ್ನು ಮುಗಿಸಿ ಮಾಳಿಗೆಗೆ ಹೋದೆ. ಆಲದ ಎಲೆಗಳು ಹಳದಿಯಾಗಿ ಕುಂಡದ ಸುತ್ತ ಉದುರಿದ್ದವು. ಪುಣೆಯವಳು ಹೇಳಿದ್ದರಲ್ಲಿ ಅರ್ಧವನ್ನಷ್ಟೇ ನಿನಗೆ ಬರೆದಿದ್ದೇನೆ. ಕಟ್ಟಿದರೆ ಬಿಳಲು ಬರುತ್ತವೆ ನಿಜ, ಆದರೆ ಕಟ್ಟನ್ನು ಹಾಗೇ ಬಿಟ್ಟರೆ ಎಲೆ ಮಾಡಿದ ಊಟ ಬೇರಿಗೆ ಇಳಿಯುವುದಿಲ್ಲ, ಬೇರು ಉಪವಾಸ ಸಾಯುತ್ತದೆ ಎಂದೂ ಹೇಳಿದ್ದಾಳೆ. ಅದನ್ನು ಕೇಳಿಯೂ ಕೇಳದವಳಂತೆ ಇದ್ದೆ. ನಿನ್ನ ಕತ್ತರಿ ತೆಗೆದುಕೊಂಡು ಕುಂಡದ ಮುಂದೆ ಕೂತೆ, ಕೈ ಏಳಲಿಲ್ಲ. ನಿನ್ನ ಮಾವನವರು ಮೆಲ್ಲಗೆ ಮೆಟ್ಟಿಲು ಹತ್ತಿ ಬಂದು ಎದುರಿಗೆ ಕೂತು ತಿರುಗುವ ತಟ್ಟೆ ಹಿಡಿದರು. ‘ಕತ್ರಸು. ನಾ ಇಲ್ಲೇ ಕುಂತೀನಿ, ಎಲ್ಲೂ ಹೋಗಂಗಿಲ್ಲ’ ಎಂದರು. ನಾನು ಸುತ್ತಿದ್ದ ದಿಕ್ಕಿಗೆ ಎದುರಾಗಿ ಅವರು ತಿರುಗಿಸುತ್ತ ಹೋದರು, ನಾನು ಕತ್ತರಿಸುತ್ತ ಹೋದೆ. ಪೂರ್ತಿ ತೆಗೆದಿದ್ದೇನೆ. ದಾರ ಕಚ್ಚಿದ ಗುರುತು ಉಳಿದಿದೆ. ದವಾಖಾನೆಯಲ್ಲಿ ನಾನಾಡಿದ ಮಾತು ಸುಳ್ಳು. ಇದನ್ನು ಒಂದೇ ಸಲ ಬರೆಯುತ್ತೇನೆ, ಬಂದ ಮೇಲೆ ಮತ್ತೆ ಹೇಳಿಸಬೇಡ. ಬಿಳಲಿಗೆ ನಳಿಗೆ ತೊಡಿಸಿ ಮಣ್ಣಿಗೆ ಇಳಿಸಬೇಕಂತೆ, ಅದು ನನ್ನ ನಡುಗುವ ಕೈಗೆ ಆಗುವ ಕೆಲಸವಲ್ಲ. ಟೆಂಪೊ ಬೇಡವೆಂದು ಸುಶೀಲಕುಮಾರನಿಗೆ ಹೇಳಿ ಬಸ್ಸಿಗೆ ಬಾ. ನಿನ್ನ ಮಾವನವರು ಕೆಳಗೆ ಊಟ ಮಾಡಿ ಮಲಗಿದ್ದಾರೆ. ಗೊರಕೆ ಇಲ್ಲಿಯ ತನಕ ಕೇಳುತ್ತಿದೆ.